ಮಲಾಡಿನ ಕಂಬದ ಪೀರರು

ನಮ್ಮ ಅಬ್ಬಾ ಅಮೀರಸಾಬ ಆಯುಷ್ಯದಲ್ಲಿ ಸುಳ್ಳು ಹೇಳಿದ್ದು ಒಂದೇ ಸಲ. ಅದರಿಂದ ನಲವತ್ತು ಜನ ಬದುಕಿದರು. ಅವರ ಹೆಸರೆತ್ತಿದರೆ ಕೈ ಮುಗಿಯುವವರು ಮಲಾಡಿನಲ್ಲಿ ಇವತ್ತಿಗೂ ಇದ್ದಾರೆ. ಆ ಕೈಗಳನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

ಸಿಂದಗಿ ಕಡೆಯ ಹಳ್ಳಿಯಲ್ಲಿ ಅವರು ಹೊಲದ ಬಾವಿಗಳ ಆಯಿಲ್ ಇಂಜಿನ್ ರಿಪೇರಿ ಮಾಡುತ್ತಿದ್ದರು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ತಾಗಿಸಿ, ಹಿಡಿಯನ್ನು ಕಿವಿಗೊತ್ತಿ ಕಣ್ಣು ಮುಚ್ಚಿದರೆ ಸಾಕು, ಎಲ್ಲಿ ಏನು ಕೆಟ್ಟಿದೆ ಎಂದು ಹೇಳುತ್ತಿದ್ದರು. ಬಿಚ್ಚಿ ನೋಡಿದರೆ ಅದೇ ಆಗಿರುತ್ತಿತ್ತು. ಸಾವಿರದ ಒಂಬೈನೂರ ಅರವತ್ತೇಳರಲ್ಲಿ ನನ್ನನ್ನೂ ಅಮ್ಮ ಅಕ್ಬರಬಿಯನ್ನೂ ಕರೆದುಕೊಂಡು ಮುಂಬಯಿಗೆ ಬಂದು, ಮಲಾಡಿನ ಲಾರಿ ಗ್ಯಾರೇಜಿನಲ್ಲಿ ಕೆಲಸ ಹಿಡಿದರು. ಸಂಜೆ ಮನೆಗೆ ಬಂದು ಸೀಮೆಎಣ್ಣೆಯಲ್ಲಿ ಕೈ ತಿಕ್ಕಿ ತೊಳೆದು ನನಗೆ ಜಡೆ ಹಾಕುತ್ತಿದ್ದರು. ಅಮ್ಮ ಹಾಕಿದ ಜಡೆ ಮಧ್ಯಾಹ್ನಕ್ಕೇ ಬಿಚ್ಚುತ್ತಿತ್ತು, ಅಬ್ಬಾ ಹಾಕಿದ್ದು ಎರಡು ದಿನ ನಿಲ್ಲುತ್ತಿತ್ತು.

ನಮ್ಮ ಚಾಳಿನಲ್ಲಿ ಕೆಳಗೆ ಒಂದೊಂದೇ ಕೋಣೆಯ ಆರು ಖೋಲಿ, ಮೇಲೆ ಆರು. ಎಲ್ಲರೂ ನಮ್ಮ ಕಡೆಯವರೇ. ಕೆಳಗಿನ ಪಡಸಾಲೆಯ ನಡುವೆ ಒಂದು ದಪ್ಪ ಕಂಬ. ಎಪ್ಪತ್ಮೂರರ ಸಂಕ್ರಾಂತಿಯ ಹೊತ್ತಿಗೆ ಅಬ್ಬಾ ಚಪ್ಪಲಿ ಬಿಡಲೆಂದು ಅದಕ್ಕೆ ಕೈ ಕೊಟ್ಟವರು ಹಾಗೇ ನಿಂತುಬಿಟ್ಟರು. ಸ್ಕ್ರೂಡ್ರೈವರ್ ತಂದು ಕಿವಿಗಿಟ್ಟರು.

"ಒಳಗಿನ ಕಬ್ಬಿಣದ ಸಳಿ ಕಡಿಲಿಕ್ಕತ್ತಾವ. ಇದು ಬೀಳತದ," ಎಂದರು.

ಪಕ್ಕದ ಖೋಲಿಯ ಹಾಲವ್ವ ತಾನೂ ಕಿವಿಯಿಟ್ಟಳು. ಆಮೇಲೆ ಎಲ್ಲರೂ ಇಟ್ಟರು, ನಾನೂ ಇಟ್ಟೆ. ಟಕ್. ಸುಮಾರು ಹತ್ತು ಉಸಿರಿನ ನಂತರ ಮತ್ತೆ ಟಕ್. ಯಾರೋ ಒಳಗಿನಿಂದ ಬೆರಳಿನ ಗೆಣ್ಣಿನಿಂದ ಬಡಿದು, ನಮ್ಮ ಉತ್ತರಕ್ಕೆ ಕಾದಂತಿತ್ತು. ನನಗೆ ಹೆದರಿಕೆಯಾಗಿ ಅಳು ಬಂತು.

"ಯಪ್ಪಾ, ಒಳಗ ಯಾರೋ ಅದಾರ!" ಎಂದಳು ಹಾಲವ್ವ.

ಒಳಗಿರುವವರು ಪೀರರೇ ಎಂದಾಗಿ, ವಾರದೊಳಗೆ ಕಂಬಕ್ಕೆ ಹಸಿರು ಬಟ್ಟೆ ಬಂತು, ಕುಂಕುಮವೂ ಬಂತು. ನಮ್ಮೂರುಗಳಲ್ಲಿ ಮೊಹರಮ್ಮಿನ ಅಲಾಯಿ ದೇವರನ್ನು ಹಿಂದೂಗಳೇ ಹೊರುತ್ತಾರೆ. ಪೀರರು ಎಂದಮೇಲೆ ಯಾರ ಪೀರರು ಎಂದು ಯಾರೂ ಕೇಳುವುದಿಲ್ಲ. ಅಬ್ಬಾ ಎರಡು ಲಾರಿ ಜಾಕ್ ತಂದು ಮೇಲಿನ ತೊಲೆಗೆ ಆಸರೆ ಕೊಟ್ಟರೆ, ಪೀರರ ಮಗ್ಗುಲಿಗೆ ಕಬ್ಬಿಣ ಚುಚ್ಚಿದನೆಂದು ಎಲ್ಲರೂ ಸೇರಿ ಅವನ್ನು ಗಟಾರಕ್ಕೆಸೆದರು. ಚಾಳಿನ ಮಾಲೀಕನಿಗೆ ಹೇಳಿದರೆ ಆ ಪುಣ್ಯಾತ್ಮ ಕಂಬಕ್ಕೆ ಒಡೆಯಲು ತೆಂಗಿನಕಾಯಿ ಕಳಿಸಿದ!

ಅಷ್ಟರಲ್ಲಿ ನನಗೆ ವಿಷಮಜ್ವರ ಬಂತು. ಅಮ್ಮ ಕಂಬಕ್ಕೆ ಹರಕೆ ಹೊತ್ತಳು. ಮೂರನೆಯ ಗುರುವಾರ ಜ್ವರ ಬಿಟ್ಟಿತು. ಬೇರೆ ಖೋಲಿ ನೋಡೋಣವೆಂದು ಅಬ್ಬಾ ಅಮ್ಮನ ಕಾಲು ಹಿಡಿಯುವುದೊಂದೇ ಬಾಕಿ.

"ಮಗಳನ್ನ ಉಳಿಸಿಕೊಟ್ಟವರನ್ನ ಬಿಟ್ಟು ನಾ ಎಲ್ಲಿಗೂ ಬರಂಗಿಲ್ಲ," ಎಂದುಬಿಟ್ಟಳು ಅಮ್ಮ.

ಜುಲೈ ಮಳೆಗೆ ಬಡಿತ ಜೋರಾಯಿತು. ಕಿವಿಯಿಡದೆಯೇ ಕೇಳಿಸುತ್ತಿತ್ತು. ಉಣ್ಣುವಾಗ ಅದಕ್ಕೇ ಕಾಯುತ್ತಾ ತುತ್ತು ಕೈಯಲ್ಲೇ ಉಳಿಯುತ್ತಿತ್ತು. ಒಂದು ಗುರುವಾರ ಮಧ್ಯಾಹ್ನ ಕೆಳಗಿನ ಖೋಲಿಗಳವರು ಲೋಬಾನದ ಹೊಗೆ ಹಾಕಲೆಂದು ಕಂಬದ ಸುತ್ತ ಕೂತಿದ್ದಾಗ ಅಬ್ಬಾ ಊಟಕ್ಕೆ ಬಂದರು. ಸ್ಕ್ರೂಡ್ರೈವರ್ ಇಟ್ಟು ಕೇಳಿದರು. ಬಡಿತಗಳ ನಡುವೆ ಈಗ ಒಂದು ಉಸಿರಿನ ಬಿಡುವೂ ಇರಲಿಲ್ಲ. ಮರುಗಳಿಗೆಗೆ ಅಲಾಯಿ ಹೊತ್ತು ಪೀರರು ಮೈಮೇಲೆ ಬಂದವರ ಹಾಗೆ ಮೈ ನಡುಗಿಸಿ ಕೂಗಿದರು.

"ನಾ ಹೊಂಟೀನಿ! ನನ್ನ ಬೆನ್ನ ಹಿಂದ ಬರದವರು ಉಳಿಯಂಗಿಲ್ಲ!"

ಅದು ನನಗೆ ಗೊತ್ತಿದ್ದ ದನಿಯಲ್ಲ. ಹಾಲವ್ವ ಅಡ್ಡಬಿದ್ದಳು. ಮೇಲಿನ ಖೋಲಿಯವರೂ ಕೂಸುಗಳನ್ನೆತ್ತಿಕೊಂಡು ಇಳಿದುಬಂದರು. ಅಬ್ಬಾ ನನ್ನ ರಟ್ಟೆ ಹಿಡಿದು ಎಳೆಯುತ್ತಾ ಮಳೆಗೆ ಓಡಿದರು, ಇಡೀ ಚಾಳು ಅವರ ಬೆನ್ನ ಹಿಂದೆ ಓಡಿತು. ತಿರುಗಿ ನೋಡಿದರೆ ಅಮ್ಮ ಬಾಗಿಲಲ್ಲಿ ಲೋಬಾನದ ತಟ್ಟೆ ಹಿಡಿದು ನಗುತ್ತಿದ್ದಳು.

"ನಮಾಜ ಓದದ ಬಾಯಾಗ ಪೀರರು ಬರತಾರೇನ್ರಿ? ಹದಿನಾಲ್ಕು ವರ್ಷ ನಿಮ್ಮ ಕೂಡ ಬಾಳೇ ಮಾಡೀನಿ. ನಿಮ್ಮ ನಾಟಕ ನನಗ ತಿಳಿಯಂಗಿಲ್ಲೇನು?" ಎಂದು ಒಳಗೆ ಹೋದಳು.

"ಅಕ್ಬರೂ! ಹೊರಗ ಬಾ!" ಈಗ ಅದು ಅಬ್ಬಾನದೇ ದನಿ. ಅವರು ಹಿಂದಕ್ಕೆ ಓಡಿದರು. ಅಲಾಯಿಯಲ್ಲಿ ದೇವರು ಮೈದುಂಬಿದವರು ಕುಣಿಯ ಬೆಂಕಿಗೆ ಬೀಳದಂತೆ ಸುತ್ತಲಿನವರು ಸೊಂಟ ಹಿಡಿದುಕೊಳ್ಳುವುದು ನಮ್ಮ ಕಡೆಯ ರೂಢಿ. ಮೇಲಿನ ಖೋಲಿಯ, ಕಟ್ಟಡ ಕೆಲಸದ ನಿಂಗಣ್ಣ ಭಕ್ತಿಯಿಂದಲೇ ಅವರ ಸೊಂಟ ಅಪ್ಪಿ ಹಿಡಿದ. ಇನ್ನೂ ನಾಲ್ವರು ಸೇರಿದರು. ಬಿಡ್ರೋ, ಬಿಡ್ರೋ ಎಂದು ಅಬ್ಬಾ ಒದ್ದಾಡಿದಷ್ಟೂ, ದೇವರು ಜೋರಾಗಿದೆ ಎಂದು ಹಿಡಿತ ಬಿಗಿ ಮಾಡಿದರು.

ಬಡಿತ ನಿಂತಿತು. ಮಳೆಯ ಸದ್ದು ಮಾತ್ರ ಉಳಿಯಿತು. ಆಮೇಲೆ ಚಾಳು ಇದ್ದಲ್ಲೇ ಕುಸಿದು ಕೂತಿತು.

ಅಬ್ಬಾ, ನಾನು ಇಬ್ಬರೇ ವಿಕ್ರೋಳಿಗೆ ಹೋದೆವು. ಅಲ್ಲಿಗೂ ಜನ ಪೀರರನ್ನು ಹುಡುಕಿಕೊಂಡು ಬಂದರು. ಪ್ರತಿ ಗುರುವಾರ ಬಾಗಿಲಿನವರೆಗೆ ಸಾಲು. ಅಬ್ಬಾ ಬಂದವರ ಕೈಗೆ ದಾರ ಕಟ್ಟಿ ಕಳಿಸುತ್ತಿದ್ದರು. ಮಿಕ್ಕ ದಿನ ಕೆಲಸದಿಂದ ಬರುವಾಗ ಕಂಡ ಕಂಡ ಬಿಲ್ಡಿಂಗಿನ ಕಂಬಕ್ಕೆ ಕಿವಿಯಿಟ್ಟು ನಿಲ್ಲುತ್ತಿದ್ದರು. ನಾನು ಐದು ವರ್ಷ ನುಂಗಿಕೊಂಡೆ. ಒಂದು ಗುರುವಾರ ಅದೇ ನಿಂಗಣ್ಣ ಬಂದು ಅವರ ಪಾದ ಮುಟ್ಟಿ ಹೋದಾಗ ಚೀರಿದೆ.

"ಎಲ್ಲಾ ಸುಳ್ಳಿತ್ತು ಅಂತ ಹೇಳಿಬಿಡ್ರಿ ಅಬ್ಬಾ! ಯಾಕ ಹೇಳವಲ್ಲಿರಿ?"

ಅವರು ದಾರದ ಉಂಡೆ ಕೆಳಗಿಟ್ಟರು.

"ಹೇಳಿದರ, ಮುಂದ ನಾ ಕೂಗಿದಾಗ ಯಾರೂ ಹೊರಗ ಬರಂಗಿಲ್ಲ," ಎಂದರು. "ನಿಮ್ಮಮ್ಮಗ ಸುಳ್ಳಂತ ಗೊತ್ತಿತ್ತು. ಬರಲಿಲ್ಲ."