ಹಂಡೆಯ ಬಳಿ ಒಂದು ಮೊಳ

ಮಗುವಿಗೂ ಹಂಡೆಗೂ ನಡುವೆ ಒಂದು ಮೊಳ ಜಾಗವಿತ್ತು. ಅಷ್ಟೇ.

ಹಂಡೆಯಲ್ಲಿ ರೇಷ್ಮೆ ಕುದಿಯುತ್ತಿತ್ತು. ಹಸಿ ರೇಷ್ಮೆಯ ಅಂಟು ಬಿಡಲೆಂದು ಸೌಳು ಹಾಕಿದ ನೀರಿನಲ್ಲಿ ಹೀಗೆ ಕುದಿಸುತ್ತಾರೆ. ಒಲೆಯನ್ನು ನೆಲದಲ್ಲೇ ತೋಡಿದ್ದರಿಂದ ಹಂಡೆಯ ಬಾಯಿ ನೆಲದಿಂದ ಗೇಣುದ್ದ ಮಾತ್ರ ಮೇಲಿತ್ತು. ಅಂಗಳದ ತುಂಬ ಗಳುಗಳ ಮೇಲೆ ಬಣ್ಣ ಹಾಕಿದ ಎಳೆಗಳು. ಕೆಂಪು, ಅರಿಸಿನ, ನವಿಲುಗೊರಳಿನ ನೀಲಿ. ಅವುಗಳ ನಡುವೆ ಆವಿ ಮೆಲ್ಲಗೆ ಹಾದು ಹೋಗುತ್ತಿತ್ತು. ಎಂಟು ತಿಂಗಳ ಹೆಣ್ಣುಮಗುವೊಂದು ಅಂಬೆಗಾಲಿಟ್ಟು ಆ ಆವಿಯ ಕಡೆಗೆ ಹೊರಟಿತ್ತು.

ತಾಯಿ ಗೋಡೆಗೊರಗಿ ಕೂತಿದ್ದಳು. ಮಗುವನ್ನೇ ನೋಡುತ್ತಿದ್ದಳು. ಏಳಲಿಲ್ಲ.

ನಾನೂ ಏಳಲಿಲ್ಲ. (ಇದನ್ನು ಬರೆಯಲೋ ಬೇಡವೋ ಎಂದು ಎರಡು ದಿನ ಯೋಚಿಸಿದ್ದೇನೆ.) ತಾಯಿ ನೋಡುತ್ತಿದ್ದಾಳಲ್ಲ, ಇನ್ನೇನು ಎತ್ತಿಕೊಳ್ಳುತ್ತಾಳೆ ಎಂದು ಮಜ್ಜಿಗೆ ಲೋಟ ಹಿಡಿದು ಕೂತಿದ್ದೆ. ಹೆತ್ತವಳ ಎದುರಿಗೆ ಪರರ ಮಗುವಿಗೆ ಕೈ ಹಾಕಲು ನಾನು ಯಾರು? ಆ ಪುಟ್ಟ ಕೈ ಹಂಡೆಯ ಅಂಚಿಗೆ ಚಾಚಿದಾಗ ನನ್ನ ಲೋಟ ಎಲ್ಲಿ ಬಿತ್ತೋ ತಿಳಿಯದು. ಕಾಲು ಹಿಡಿದು ಎಳೆದುಕೊಂಡೆ.

ಮಗು ಅಳಲಿಲ್ಲ. ನನ್ನ ಮುಖವನ್ನೂ ನೋಡಲಿಲ್ಲ. ನನ್ನ ಭುಜದ ಮೇಲಿಂದ ಮತ್ತೆ ಆವಿಯನ್ನೇ ನೋಡತೊಡಗಿತು.

ಹತ್ತು ದಿನವಾಯಿತು. ಕ್ಲಾಸಿನಲ್ಲಿ ಲೆಕ್ಕ ಹೇಳಿಕೊಡುವಾಗ, ಊಟಕ್ಕೆ ಕೂತಾಗ, ಆ ಒಂದು ಮೊಳ ಜಾಗ ಕಣ್ಣ ಮುಂದೆ ಬಂದು ನಿಲ್ಲುತ್ತದೆ. ಕೆಲವು ಸಲ ಆ ನೋಟದಲ್ಲಿ ನಾನು ಒಂದು ಕ್ಷಣ ತಡವಾಗಿ ಏಳುತ್ತೇನೆ.

ನಾದಿನಿಯ ಮದುವೆಗೆ ಸೀರೆ ಹೇಳಿ ಬರಲು ನಾನೂ ನನ್ನ ಹೆಂಡತಿ ಗೌರಿಯೂ ಚಳ್ಳಕೆರೆಯಿಂದ ಗಾಡಿ ಕಟ್ಟಿಕೊಂಡು ಮೊಳಕಾಲ್ಮೂರಿಗೆ ಹೋಗಿದ್ದೆವು. ನೇಕಾರ ನಾರಾಯಣಪ್ಪನ ಮನೆ. ಒಳಗೆ ಅವನು ಮಗ್ಗದ ಗುಂಡಿಯಲ್ಲಿ ಕೂತು ನೇಯುತ್ತಿದ್ದ. ಅವನ ತಾಯಿ ಓಬಳಮ್ಮ ಗೌರಿಗೆ ಅಂಚುಗಳನ್ನು ತೋರಿಸುತ್ತಿದ್ದರು. ಗೋಡೆಗೊರಗಿ ಕೂತವಳು ಸೊಸೆ ಲಕ್ಷ್ಮಕ್ಕ.

ಲೋಟ ಬಿದ್ದ ಸದ್ದಿಗೆ ಎಲ್ಲರೂ ಹೊರಗೆ ಬಂದರು. ನಾನು ತೊದಲುತ್ತ ನಡೆದದ್ದನ್ನು ಹೇಳಿದೆ.

"ನೋಡ್ತಾ ಕೂತಿದ್ಲಾ?" ಎಂದರು ಓಬಳಮ್ಮ. "ನೋಡ್ತಾನೇ ಕೂತಿದ್ಲಾ ಮೇಷ್ಟ್ರೇ? ಇವಳೇನು ತಾಯೋ, ಕಂಬಾನೋ? ಲೇ ನಾರಾಯಣ, ನಾಳೇನೇ ಗಾಡಿ ಹೂಡು. ಇವಳು ತವರಿಗೆ ಹೋಗ್ಲಿ. ಕೂಸು ನನ್ನ ಹತ್ರ ಇರ್ಲಿ."

"ಆಯ್ತಮ್ಮ," ಎಂದ ನಾರಾಯಣಪ್ಪ, ಹೆಂಡತಿಯ ಕಡೆ ನೋಡದೆ.

"ಸರಿ," ಎಂದಳು ಲಕ್ಷ್ಮಕ್ಕ.

ಮಗುವನ್ನು ಬಿಟ್ಟು ಹೋಗು ಎಂದರೆ ಯಾವ ತಾಯಿ ‘ಸರಿ’ ಎನ್ನುತ್ತಾಳೆ? ನನಗೆ ಸಿಟ್ಟು ಬಂತು. ಗೌರಿಗೆ ಬರಲಿಲ್ಲ. ಅವಳು ಹೋಗಿ ಲಕ್ಷ್ಮಕ್ಕನ ಪಕ್ಕ ನೆಲದ ಮೇಲೆ ಕೂತಳು.

"ನಿದ್ದೆ ಬರ್ತೈತೇನಮ್ಮ?"

 ಲಕ್ಷ್ಮಕ್ಕನ ದನಿ ದೂರದಿಂದ ಬಂದಂತಿತ್ತು: "ಕಂಡಿತ್ತಕ್ಕಾ. ಏಳ್ಬೇಕು ಅಂತಾನೂ ಗೊತ್ತಿತ್ತು. ಕೈಕಾಲು ನಂದಲ್ಲ ಅನ್ನಿಸ್ತು. ನೀರಿನ ಒಳಗೆ ಕೂತು ಮೇಲಕ್ಕೆ ನೋಡ್ದಂಗೆ ಆಗ್ತೈತೆ. ಎಲ್ಲಾ ಕಾಣ್ತೈತೆ. ಯಾವುದೂ ಮುಟ್ಟಲ್ಲ."

"ಗಾಳಿ ಸೋಕೈತೆ," ಎಂದರು ಓಬಳಮ್ಮ. "ಹೆತ್ತಾಗಿಂದ ಹಿಂಗೇ."

"ಎಂಟು ತಿಂಗಳಿಂದ ಯಾರಿಗೂ ಗೊತ್ತಾಗ್ಲಿಲ್ವಾ?" ಎಂದಳು ಗೌರಿ.

ಗೊತ್ತಾಗುವುದು ಹೇಗೆ? ಆ ನೇಕಾರರ ಮನೆಗಳಲ್ಲಿ ಒಂದು ಪದ್ಧತಿಯಿದೆ. ಮಗುವಿನ ಜೋಲಿಯನ್ನು ಮಗ್ಗದ ಪಕ್ಕದ ತೊಲೆಗೆ ಕಟ್ಟುತ್ತಾರೆ. ಜೋಲಿಯಿಂದ ಒಂದು ಹಗ್ಗ ಇಳಿದು, ನೇಕಾರ ಕಾಲಲ್ಲಿ ತುಳಿಯುವ ಹಲಗೆಗೆ ಸೇರುತ್ತದೆ. ಅವನು ತುಳಿದಾಗಲೆಲ್ಲ ಜೋಲಿ ತೂಗುತ್ತದೆ. ಸೀರೆಯೂ ಬೆಳೆಯುತ್ತದೆ, ಮಗುವೂ ಮಲಗುತ್ತದೆ. ಎಷ್ಟು ಚೆಂದದ ಉಪಾಯ. ನಾನೇ ಆ ದಿನ ಬೆಳಿಗ್ಗೆ ಹೊಗಳಿದ್ದೆ. ಮಗುವನ್ನು ತೂಗುವ ಕಾಲು ಇತ್ತು, ಹಾಲಿನ ಹೊತ್ತಿಗೆ ತಾಯಿಯ ತೊಡೆಯ ಮೇಲೆ ಇಟ್ಟು ಮತ್ತೆ ಎತ್ತಿಕೊಂಡು ಹೋಗುವ ಅಜ್ಜಿ ಇದ್ದಳು. ತಾಯಿ ಅದರ ಮುಖ ನೋಡಿ ಒಂದು ಮಾತಾಡಿದ್ದಾಳೆಯೇ ಎಂದು ನೋಡಲು ಯಾರಿಗೂ ಕಾರಣವೇ ಇರಲಿಲ್ಲ.

"ಅಳೋದೇ ಇಲ್ಲ, ಬಂಗಾರದಂಥ ಕೂಸು ಅಂತ ಬೀದಿಯೋರೆಲ್ಲ ಅಂತಿದ್ರು," ಎಂದ ನಾರಾಯಣಪ್ಪ ಮೆಲ್ಲಗೆ. "ಲಾಳಿ ಆ ಕಡೆ ಈ ಕಡೆ ಹೋಗೋದನ್ನ ನೋಡ್ತೈತೆ. ಕರೆದ್ರೆ ಮಾತ್ರ ತಿರುಗಲ್ಲ."

ಆಗ ಗೌರಿ ಒಂದು ಮಾತು ಹೇಳಿದಳು. ನನಗಲ್ಲ, ಓಬಳಮ್ಮನಿಗೆ.

"ನಮ್ಮ ದೊಡ್ಡೋಳು ಹುಟ್ಟಿದಾಗ ನಂಗೂ ಹಿಂಗೇ ಆಗಿತ್ತಮ್ಮ. ಆರು ತಿಂಗಳು. ನಮ್ಮತ್ತೆ ಮೈಗಳ್ಳಿ ಅಂದ್ರು. ಇವ್ರು ಪೇಪರ್ ಓದ್ತಿದ್ರು."

ನಾನು ಎಫ್.ಎ. ಪಾಸು ಮಾಡಿದವನು. ಕಾಲೇಜಿನಲ್ಲಿ ಫಿಸಿಯಾಲಜಿ ಓದಿ, ಗುಂಡಿಗೆಯ ನಾಲ್ಕು ಕೋಣೆಗಳನ್ನು ಚಿತ್ರ ಬರೆದು ತೋರಿಸಿದವನು. ನಮ್ಮ ದೊಡ್ಡವಳಿಗೆ ಮೂರು ವರ್ಷವಾದರೂ ಮಾತು ಬರಲಿಲ್ಲ. ನಾಲಿಗೆ ದಪ್ಪ ಎಂದರು; ದಿನವೂ ಬಜೆ ತೇದು ನೆಕ್ಕಿಸಿದೆವು. (ಮನೆಯಲ್ಲಿ ಯಾರೂ ಮಾತಾಡಿಸದ ಮಗುವಿಗೆ ಬಜೆಯೊಂದೇ ಮಾತು ಕಲಿಸೀತೇ?)

"ಆಮೇಲೆ ಹೆಂಗೆ ಹೋಯ್ತು?" ಓಬಳಮ್ಮ ಕೇಳಿದರು.

"ಪಕ್ಕದ ಮನೆ ಕಾಶಕ್ಕ ದಿನಾ ಬಂದು ಕೂತ್ಕಳೋಳು. ನನ್ನ ಏನೂ ಕೇಳ್ತಿರ್ಲಿಲ್ಲ. ಕಾಳು ಹಸನು ಮಾಡ್ತಾ ಕೂಸಿನ ಜೊತೆ ಊರ ಸುದ್ದಿ ಎಲ್ಲಾ ಹೇಳೋಳು. ಒಂದಿನ ಏನೋ ತಪ್ಪು ಹೇಳಿದ್ಲು, ನಾನು ತಿದ್ದಿದೆ. ಕೂಸು ನನ್ನ ಕಡೆ ತಿರುಗಿ ನೋಡ್ತು."

ಮಗ್ಗದ ಸದ್ದು ನಿಂತು ಬಹಳ ಹೊತ್ತಾಗಿತ್ತು. ಗಾಳಿಗೆ ನೀಲಿ ಎಳೆಗಳು ಒಮ್ಮೆ ಎದ್ದು ಮತ್ತೆ ಇಳಿದವು. ಓಬಳಮ್ಮ ಸೊಸೆಯ ಎದುರಿಗೆ ಕುಕ್ಕರುಗಾಲಲ್ಲಿ ಕೂತರು. ಇಷ್ಟು ತಿಂಗಳು ಕೇಳದಿದ್ದುದನ್ನು ಕೇಳುವವರಂತೆ, ತಮ್ಮ ಮನೆಮಾತಾದ ತೆಲುಗಿನಲ್ಲಿ, "ತಿನ್ನಾವಾ?" ಎಂದರು. ಉಂಡೆಯಾ ಎಂದು.

ಲಕ್ಷ್ಮಕ್ಕ ಇಲ್ಲವೆಂದು ತಲೆಯಾಡಿಸಿದಳು. ಆಮೇಲೆ ಅಳತೊಡಗಿದಳು.

"ಗಾಡಿ ಬ್ಯಾಡ ಬಿಡು," ಎಂದರು ಓಬಳಮ್ಮ ಮಗನಿಗೆ. ನನ್ನ ಕಡೆ ತಿರುಗಿ, "ಮೇಷ್ಟ್ರೇ, ಎಳೆ ಸುತ್ತೋಳು ನಾನೊಬ್ಬಳೇ. ಇನ್ನು ಮುಂದೆ ಇವರಿಬ್ಬರ ಜೊತೆ ಕೂತ್ಕಂತೀನಿ. ನಿಮ್ಮ ಸೀರೆ ತಡ ಆಗ್ತೈತೆ. ಬೇಕಾದ್ರೆ ಮದುವೇನ ಮುಂದಕ್ಕೆ ಹಾಕ್ಕಳ್ರಿ."

ಮರಳಿ ಬಂದ ಮೇಲೆ ಡಿಸ್ಪೆನ್ಸರಿ ಡಾಕ್ಟರರನ್ನು ಕೇಳಿದೆ. ಇದಕ್ಕೆ ಇಂಗ್ಲಿಷಿನಲ್ಲಿ ಮೆಲಂಕೋಲಿಯಾ ಎನ್ನುತ್ತಾರಂತೆ. ಅವಳನ್ನೂ ಮಗುವನ್ನೂ ಒಂಟಿಯಾಗಿ ಬಿಡಬೇಡಿ, ಊಟ ನಿದ್ದೆ ನೋಡಿಕೊಳ್ಳಿ, ನನ್ನ ಬಳಿ ಕರೆತನ್ನಿ ಎಂದರು. ನಾರಾಯಣಪ್ಪನಿಗೆ ಕಾಗದ ಬರೆದಿದ್ದೇನೆ.

ಆದರೆ ನಾನು ಹೇಳಬೇಕೆಂದಿದ್ದು ಮರಳುವಾಗ ಗಾಡಿಯಲ್ಲಿ ನಡೆದ ಮಾತು. ದಾರಿಯ ಎರಡೂ ಕಡೆ ದನ ಮೇಯುವ ಕಾವಲಿನ ಹುಲ್ಲು ಹಳದಿಯಾಗಿ, ನಿದ್ದೆಗಣ್ಣಿನಲ್ಲಿ ಕಂಡಂತೆ ತೂಗುತ್ತಿತ್ತು. ಗೌರಿಯನ್ನು ಕೇಳಿದೆ, ಆಗ ನನಗೇಕೆ ಹೇಳಲಿಲ್ಲ ಎಂದು.

"ಹೇಳಿದ್ದೆನಲ್ರೀ," ಎಂದಳು ಅವಳು. "ನಂಗೆ ಯಾಕೋ ಏನೂ ಬ್ಯಾಡ ಅನ್ನಿಸ್ತೈತೆ ಅಂದೆ. ನೀವು, ಹಂಗಾದ್ರೆ ನಂಗೊಬ್ಬನಿಗೇ ಬಡಿಸು ಅಂದ್ರಿ."

ನಿಮ್ಮ ಮನೆಯಲ್ಲಿ ‘ಏನೂ ಬ್ಯಾಡ’ ಎಂಬ ಆ ಮಾತನ್ನು ಎಷ್ಟು ಸಲ ಹೇಳಿದ್ದಾರೆ?