ಯಾವ ಪಿಚ್ಚರಿನದೂ ಅಲ್ಲದ ಹಾಡು

ಭಾನುವಾರ, ಬೆಳಿಗ್ಗೆ ಆರೂವರೆ. ಹುಮನಾಬಾದಿನ ನಮ್ಮ ಮನೆಯ ಪಡಸಾಲೆ. ಹಾಜರಿದ್ದವರು ಮೂವರು: ನಾನು, ನನ್ನ ಹೆಂಡತಿ, ಪಕ್ಕದ ಹುಡಗಿ ಎಂಬ ಊರಿನ ಬ್ಯಾಂಡಿನ ಕ್ಲಾರಿನೆಟ್ ಮಾಸ್ತರರು. ಶಾಲೆಯಲ್ಲಿ ಡ್ರಿಲ್ ಕಲಿಸಿ ನಿವೃತ್ತನಾದ ಮೇಲೂ ದಿನದ ಆರಂಭಕ್ಕೆ ಹಾಜರಿ ತೆಗೆದುಕೊಳ್ಳುವ ರೂಢಿ ನನಗೆ ಬಿಟ್ಟಿಲ್ಲ.

ಮಾಸ್ತರರು ಜರಿಯ ಕೆಂಪು ಕೋಟನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದರು. ಅವರ ಮೇಲಿನ ಮುಂದಿನ ಹಲ್ಲುಗಳು ಅಲುಗಾಡುತ್ತಿದ್ದವು. ಸೋಮವಾರ ಬನ್ನಿ, ಕಿತ್ತುಬಿಡೋಣ ಎಂದು ದವಾಖಾನೆಯಲ್ಲಿ ಹೇಳಿದ್ದರು. ಕ್ಲಾರಿನೆಟ್ಟಿನ ತುದಿಯನ್ನು ಅದುಮಿ ಹಿಡಿಯುವುದು ಆ ಹಲ್ಲುಗಳೇ. ಹೊಸವು ಕಟ್ಟಿಸಿದ ಮೇಲೆ ಊದಲು ಬರುತ್ತದೋ ಇಲ್ಲವೋ, ಅದು ಡಾಕ್ಟರಿಗೂ ಗೊತ್ತಿರಲಿಲ್ಲ. ಅಂದಿನ ಬಸವಕಲ್ಯಾಣದ ಲಗ್ನವೇ ಅವರ ಕೊನೆಯ ಮೆರವಣಿಗೆ ಎಂದು ಮೂವರೂ ತಿಳಿದಿದ್ದೆವು.

ನನ್ನ ಹೆಂಡತಿ ಚಹಾ, ಟೋಸ್ಟ್ ತಂದಿಟ್ಟಳು. "ಅದ್ದಿಕೊಂಡು ತಿನ್ರಿ ಅಣ್ಣಾ. ಟೋಸ್ಟಿಗೇ ಹಲ್ಲು ಹೋದ್ರ ಲಗ್ನ ನಿಂತೀತು."

"ಹಲ್ಲಿಲ್ದವರ ಲಗ್ನನೂ ಆಗ್ತಾವ್ರಿ ಅಕ್ಕಾರ," ಎಂದರು ಮಾಸ್ತರರು. "ಬಾಜಾ ಮಾತ್ರ ಆಗಂಗಿಲ್ಲ."

ನನ್ನ ಚಿಂತೆ ಅವರ ಹಲ್ಲಿನದಷ್ಟೇ ಅಲ್ಲ, ಅವರ ಒಂದು ಚಾಲಿನದು. ನಮ್ಮ ಕಡೆ ಧಾಟಿಗೆ ಚಾಲು ಎನ್ನುತ್ತಾರೆ. ಹುಮನಾಬಾದ್, ಬಸವಕಲ್ಯಾಣಗಳ ನಡುವೆ ಆ ಚಾಲನ್ನು ಕೇಳದ ಮದುಮಗನಿಲ್ಲ. ಮೆರವಣಿಗೆ ದಣಿದು, ಕುಣಿಯುವವರು ಬೆವರೊರೆಸಿಕೊಳ್ಳುವ ಹೊತ್ತಿಗೆ ಯಾರಾದರೂ ಒಬ್ಬರು ಕೂಗುವವರೇ: "ಏ ಮಾಸ್ತರ, ಆ ಹಳೇ ಪಿಚ್ಚರ್ ಹಾಡು ಹಚ್ಚು!"

ಅದು ಪಿಚ್ಚರಿನ ಹಾಡೆಂದು ನಾನೂ ನಂಬಿದ್ದೆ. ಕ್ಯಾಸೆಟ್ಟಿನ ಕಾಲದಲ್ಲಿ ಶಾಲೆಯ ಕವಾಯತಿಗೆ ಅದು ಬೇಕೆನಿಸಿ ಯಾವ ಪಿಚ್ಚರೆಂದು ಮಾಸ್ತರರನ್ನೇ ಕೇಳಿದೆ. "ಹಳೇದ ಅದರಿ ಸರ, ಹಿಂದಿ," ಎಂದರು. ಅಂಗಡಿಗೆ ಹೋಗಿ ಗುನುಗಿ ತೋರಿಸಿದೆ. ನಮ್ಮೂರ ವ್ಯಾಪಾರಿಯ ಬಾಯಲ್ಲಿ 'ಇಲ್ಲ' ಎಂಬ ಮಾತು ಬರುವುದಿಲ್ಲ. ಅವನು ಕಣ್ಣು ಮುಚ್ಚಿ ತಲೆದೂಗಿ, "ಹಾಂ ಹಾಂ, ಆ ಪಿಚ್ಚರ್! ಮಾಲ್ ಖತಂ ಆಗ್ಯದ ಸರ, ಬರೋ ಜುಮ್ಮಾಕ್ಕ ಬರ್ರಿ," ಎಂದ. ಶುಕ್ರವಾರ ಹೋದೆ. ಮತ್ತೊಂದು ಶುಕ್ರವಾರವೂ ಹೋದೆ. ಬಸವಕಲ್ಯಾಣದ ಅಂಗಡಿಯವನು ಇನ್ನೂ ಜಾಣ: "ಕಡೇದು ನಿನ್ನೆನ ಹೋತು ನೋಡ್ರಿ. ಎಂಥಾ ಹಾಡು!"

ಈ ಅಲೆದಾಟ ಕಿವಿಗೆ ಬಿದ್ದಾಗ ಮಾಸ್ತರರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಸರ, ಆ ಕ್ಯಾಸೆಟ್ ಎಂದೂ ಬರಂಗಿಲ್ಲರಿ. ಅದು ನಂದ."

ಹರೆಯದಲ್ಲಿ ಮಾಣಿಕನಗರದ ಕಡೆ ಬಾರಿಸಿ, ಬಸ್ಸು ತಪ್ಪಿ, ಹುಡಗಿಗೆ ನಡೆದುಕೊಂಡೇ ಹೋಗುವಾಗ ಹುಟ್ಟಿದ್ದಂತೆ. ಕಾಲು ಸೋತಿದ್ದವು. ಸೋತ ಕಾಲು ನೆಲಕ್ಕೆ ತಾಕುವ ಲಯಕ್ಕೆ ಸರಿಯಾಗಿ ಊದುತ್ತ ಊದುತ್ತ ಊರು ಮುಟ್ಟಿದರಂತೆ.

"ಮತ್ತ ಪಿಚ್ಚರಿಂದು ಅಂತ ಯಾಕ ಹೇಳ್ತೀರಿ?"

"ಪಿಚ್ಚರಿಂದು ಅಂದ್ರ ಕುಣೀತಾರ್ರಿ. ನಂದು ಅಂದ್ರ, ಯಾವಾಂವ ನೀ ಅಂತಾರ."

ಬ್ಯಾಂಡಿನ ಈ ಮಂದಿಯ ಬಾಳೇ ಹಾಗೆ. ದೊಡ್ಡ ಕೊಂಬಿನಂಥ ಬಾಜಾ ಊದುವವರು ಬೇಮಳಖೇಡದವರು. ಬೆಳಿಗ್ಗೆ ದನ ಬಿಟ್ಟುಬಂದು ಬಸ್ಸು ಹಿಡಿಯುತ್ತಾರೆ. ತುತ್ತೂರಿಯವರು ಹುಡಗಿಯಲ್ಲೇ ಕೂಲಿ. ಏಪ್ರಿಲ್ಲಿನ ಜಯಂತಿಯ ಮೆರವಣಿಗೆಯಲ್ಲಿ ಇಡೀ ಊರು ಇವರ ಹಿಂದೆ ನಡೆಯುತ್ತದೆ. ಮರುದಿನ ಹೊಲದಲ್ಲಿ ಕಂಡರೆ ಯಾರಿಗೂ ಗುರುತಿಲ್ಲ. ಆ ಕೆಂಪು ಕೋಟೇ ಇವರ ಮುಖ. ಲಗ್ನದ ವಿಡಿಯೋದವರು ಮೆರವಣಿಗೆಯ ಸದ್ದು ತೆಗೆದು ಮೇಲೆ ಸಿನಿಮಾ ಹಾಡು ಕೂಡಿಸುತ್ತಾರೆ. ಪರಿಚಯದವರ ಮನೆಗಳ ವಿಡಿಯೋ ಕೇಳಿ ತರಿಸಿ ನೋಡಿದ್ದೆ. ಎಲ್ಲದರಲ್ಲೂ ಮಾಸ್ತರರ ಬೆರಳು ಆಡುತ್ತವೆ, ಗಲ್ಲ ಉಬ್ಬುತ್ತದೆ. ಕೇಳಿಸುವುದು ಬೇರೆ ಯಾರದೋ ದನಿ. ಆ ಚಾಲು ಎಲ್ಲಿಯೂ ಉಳಿದಿರಲಿಲ್ಲ. ಅಂದು ಅದನ್ನು ಹಿಡಿಯಬೇಕು, ನಾಲ್ಕು ಜನರೆದುರು ಇದು ಇವರದು ಅನ್ನಿಸಬೇಕು ಎಂದು ಫೋನನ್ನು ಪೂರ್ತಿ ಚಾರ್ಜ್ ಮಾಡಿಕೊಂಡು ಹೊರಟೆ.

ಮದುಮಗನ ತಂದೆ ನನ್ನ ಹಳೆಯ ವಿದ್ಯಾರ್ಥಿ. ಬರೀ ಡಿಜೆ ಹೇಳಿದ್ದವನು, ನನ್ನ ಮಾತಿಗೆ ಕಟ್ಟುಬಿದ್ದು ಬ್ಯಾಂಡನ್ನೂ ಕರೆಸಿದ್ದ. ಬಸವಕಲ್ಯಾಣದ ಕೋಟೆಯ ರಸ್ತೆಯಲ್ಲಿ ಮೆರವಣಿಗೆ ಎದ್ದಿತು. ಮುಂದೆ ಬ್ಯಾಂಡು, ನಡುವೆ ಮದುಮಗ, ಹಿಂದೆ ಡಿಜೆಯ ಗಾಡಿ. ಸರದಿಯ ಮೇಲೆ ಬಾರಿಸುವುದೆಂದು ನಾನೇ ನಿಂತು ಗೊತ್ತುಮಾಡಿದ್ದೆ.

ಅರ್ಧ ದಾರಿಗೆ ಮದುಮಗನ ಸೋದರಮಾವ ತಲೆಯ ಪಟಗ ಸರಿಮಾಡಿಕೊಂಡು ಕೂಗಿದ, "ಮಾಸ್ತರ, ಆ ಪಿಚ್ಚರಿಂದು!"

ಮಾಸ್ತರರು ತುಟಿ ಒರೆಸಿಕೊಂಡು ಆ ಚಾಲು ಎತ್ತಿಕೊಂಡರು. ನಾನು ಫೋನು ಹಿಡಿದು ಪಕ್ಕಕ್ಕೆ ನಿಂತೆ. ಹಲ್ಲಿನ ನೋವಿಗೆ ಅವರ ಎಡಗಣ್ಣು ಮುಚ್ಚಿತ್ತು, ಸ್ವರ ಮಾತ್ರ ಒಡೆಯಲಿಲ್ಲ. ಕುಣಿಯುವವರ ಕಾಲು ತಾವಾಗಿ ನಿಧಾನವಾದವು. ಓಣಿಯ ಹೆಣ್ಣುಮಕ್ಕಳು ಮಾಳಿಗೆಗೆ ಬಂದು ನಿಂತರು. ಅಷ್ಟರಲ್ಲಿ ಹಿಂದಿನ ಗಾಡಿಯಿಂದ ಡಿಜೆ ಗುಡುಗಿತು. ಮಾಸ್ತರರ ಬೆರಳು ಆಡುತ್ತಲೇ ಇದ್ದವು. ನನಗೆ ಏನೂ ಕೇಳಿಸಲಿಲ್ಲ.

ನಾನು ಗಾಡಿಯ ಹತ್ತಿರ ಹೋಗಿ, ಮೈದಾನದ ದನಿಯಲ್ಲಿ, "ಬಂದ್ ಮಾಡು!" ಎಂದೆ. ಡಿಜೆಯವನು ಹೆದರಿ ಬಂದ್ ಮಾಡಿದ. ಎಲ್ಲರೂ ತಿರುಗಿದರು. ಹೇಳುವ ಹೊತ್ತು ಇದೇ ಎಂದುಕೊಂಡು ಹೇಳಿದೆ: "ಈ ಹಾಡು ಯಾವ ಪಿಚ್ಚರಿಂದೂ ಅಲ್ಲ. ಈ ಮಾಸ್ತರರು ಕಟ್ಟಿದ್ದು."

ಸೋದರಮಾವ ಗಹಗಹಿಸಿ ನಕ್ಕ. "ಸರ, ನೀವು ಬರೇ ಡ್ರಿಲ್ ಮಾಡಿಸಿದ್ರಿ, ಪಿಚ್ಚರ್ ಯಾವಾಗ ನೋಡಿದ್ರಿ? ನಾ ಹುಮನಾಬಾದ್ ಟಾಕೀಜಿನಾಗ ಎರಡು ಸಲ ನೋಡೀನಿ. ಹೀರೋ ಬಿಳಿ ಕುದುರಿ ಮ್ಯಾಲ ಹಾಡ್ಕೋತ ಬರ್ತಾನ!"

"ಹೌದೌದು, ಕುದುರಿ!" ಎಂದ ಇನ್ನೊಬ್ಬ. "ಹಿಂದ ಡೋಂಗರ್ ಕಾಣ್ತದ."

ಇಲ್ಲದ ಪಿಚ್ಚರಿಗೆ ಕುದುರೆ ಬಂತು, ಗುಡ್ಡ ಬಂತು. ನಾನು ಮಾಸ್ತರರ ಮುಖ ನೋಡಿದೆ.

"ಹೌದ್ರಿ ಸಾಹೇಬ್ರ," ಎಂದರು ಅವರು. "ಭಾರಿ ಪಿಚ್ಚರ್ ಇತ್ತು."

ಡಿಜೆ ಮತ್ತೆ ಹತ್ತಿತು. ಮಂಟಪ ಮುಟ್ಟುವವರೆಗೂ ಬ್ಯಾಂಡಿನ ಸರದಿ ಬರಲಿಲ್ಲ.

ಊಟ ಮುಗಿಸಿ, ಬಾಜಾಗಳನ್ನು ಟಂಟಂ ಗಾಡಿಯಲ್ಲಿ ತುಂಬಿಕೊಂಡು ಹೊರಟಾಗ ಬಿಸಿಲು ಇಳಿದಿತ್ತು. ರಸ್ತೆ ಹೆದ್ದಾರಿಗೆ ಕೂಡುವ, ಬಂಗ್ಲಾ ಎಂದು ಕರೆಯುವ ನಿಲ್ದಾಣದಲ್ಲಿ ಚಹಾಕ್ಕೆ ಇಳಿದೆವು. ತುತ್ತೂರಿಯವರು, "ಮಾಸ್ತರ, ಮುಂದಿನ ಲಗ್ನಕ್ಕ ನಿಂಗೊಂದು ಬಿಳಿ ಕುದುರಿ ತರೋಣು," ಎಂದು ಚೇಷ್ಟೆ ಮಾಡಿದರು. ಎಲ್ಲರೂ ನಕ್ಕರು. ಮಾಸ್ತರರೂ ನಕ್ಕರು, ಆಮೇಲೆ ಚಹಾದ ಬಸಿ ಕೆಳಗಿಟ್ಟರು.

"ಕುದುರಿ ಅಲ್ರಿ ಸರ," ಎಂದರು ನನ್ನ ಕಡೆ ತಿರುಗಿ. "ಹೆಸರು ಯಾರದರ ಇರಲಿ. ಖರೆ, ಕುದುರಿ ಮ್ಯಾಲ ಕುಂತಾಂವಗ ಆ ಚಾಲು ಹ್ಯಾಂಗ ಬರ್ತದ? ಅದು ನಡಿಯೋದು. ಕಾಲು ನೋಯಬೇಕು."

"ಇದನ್ನ ಅಲ್ಲೇ ಹೇಳಬೇಕಿತ್ತು."

"ಅಲ್ಲಿ ಲಗ್ನ ಇತ್ತರಿ." ಚಹಾ ಮುಗಿಸಿ, "ಫೋನಿನಾಗ ಜಾಗ ಅದೇನ್ರಿ?" ಎಂದು ಕೇಳಿದರು.

ಹುಡಗಿಯಲ್ಲಿ ಅವರ ಮನೆಯ ಅಂಗಳ. ಅವರ ಸೊಸೆ ಕುರ್ಚಿ ತಂದಿಟ್ಟಳು, ಮಾಸ್ತರರು ಕೂರಲಿಲ್ಲ. ಇದು ನಿಂತರೂ ಬರುವುದಿಲ್ಲ ಎಂದು ಅಂಗಳದ ಉದ್ದಕ್ಕೆ ನಡೆಯುತ್ತ ಊದತೊಡಗಿದರು. ನಾನು ಫೋನು ಹಿಡಿದು ಪಕ್ಕದಲ್ಲಿ ನಡೆದೆ. ಡೊಳ್ಳಿಲ್ಲ, ತುತ್ತೂರಿಯಿಲ್ಲ. ಬರಿಯ ಕ್ಲಾರಿನೆಟ್, ಚಪ್ಪಲಿಯ ಸದ್ದು, ಒಂದು ಕಡೆ ಎಮ್ಮೆಯ ಕೂಗು. ಇಷ್ಟು ವರ್ಷ ಗದ್ದಲದ ನಡುವೆ ಕೇಳಿದ್ದ ಚಾಲಿನಲ್ಲಿ ಇಷ್ಟು ಬಿಡುವಿದೆ ಎಂದು ನನಗೆ ತಿಳಿದಿರಲಿಲ್ಲ. ಮುಗಿದಾಗ ಅವರು ರುಮಾಲಿನಿಂದ ಬಾಯಿ ಒತ್ತಿಕೊಂಡರು. ರುಮಾಲು ಕೆಂಪಾಯಿತು.

ಹಿಡಿದದ್ದನ್ನು ಅವರಿಗೆ ಕೇಳಿಸಿದೆ. "ನಡುವ ಒಂದು ಕಡಿ ಲಯ ಓಡ್ಯದ," ಎಂದರು. "ಅಳಿಸ್ರಿ, ಮತ್ತೊಮ್ಮೆ."

"ಬಾಯಾಗ ರಕ್ತ ಬರಾಕತ್ತದ ಮಾಸ್ತರ. ಇದ ಸಾಕು."

"ನಾಳಿ ಹೆಂಗೂ ಕೀಳ್ತಾರ. ಇವತ್ತು ದುಡೀಲಿ."

ಎರಡನೆಯದನ್ನು ಉಳಿಸಿದೆವು. ಫೋನಿನಲ್ಲಿ ಅದಕ್ಕೆ ಏನೆಂದು ಬರೆಯಲಿ ಎಂದು ಕೇಳಿದಾಗ ಅವರು ತಮ್ಮ ಹೆಸರು ಹೇಳಿದರು. ಅಪ್ಪನ ಹೆಸರು ಕೂಡಿಸಿ ಪೂರ್ತಿ ಹೇಳಿದರು. ಒಂದೊಂದೇ ಅಕ್ಷರ ಒತ್ತಿ ಬರೆದೆ. "ಕೆಳಗ 'ನಡಿಯೋ ಚಾಲು' ಅಂತ ಹಾಕ್ರಿ," ಎಂದರು. ಹಾಕಿದೆ.

ಮನೆಗೆ ಬಂದು, ಕೈಕಾಲು ತೊಳೆದು, ಅದನ್ನು ಮೊದಲು ತುತ್ತೂರಿಯವರಿಗೆ, ಆಮೇಲೆ ಬೇಮಳಖೇಡದವರಿಗೆ, ಕೊನೆಗೆ ಬಸವಕಲ್ಯಾಣದ ಮದುಮಗನ ತಂದೆಗೆ ಕಳಿಸಿದೆ. ಸೋದರಮಾವನಿಗೂ ಕೇಳಿಸು ಎಂದು ಒಂದು ಸಾಲು ಸೇರಿಸಿದೆ. ಮೂವರಿಗೂ ಮುಟ್ಟಿತೆಂದು ನೋಡಿಕೊಂಡು ಫೋನನ್ನು ಚಾರ್ಜಿಗೆ ಹಚ್ಚಿದೆ.