ಅತ್ತೆ ನೆಟ್ಟ ಸುಗಂಧರಾಜ

ಮಾವಳ್ಳಿಯಿಂದ ಜಟಕಾದಲ್ಲಿ ತಂದ ಸುಗಂಧರಾಜದ ಗೆಡ್ಡೆಗಳನ್ನು ನಾನು ಮಣ್ಣಿಗೆ ಊರುತ್ತಿದ್ದೆ. ಅತ್ತೆ ಒಳಗಿನಿಂದ ಬಂದವರೇ ಸೆರಗು ಸೊಂಟಕ್ಕೆ ಸಿಕ್ಕಿಸಿ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತರು. “ಕೊಡಮ್ಮ ಇಲ್ಲಿ” ಎಂದು ಗೆಡ್ಡೆಗಳನ್ನು ನನ್ನ ಕೈಯಿಂದ ತೆಗೆದುಕೊಂಡರು.

ಚಾಮರಾಜಪೇಟೆಯ ನಮ್ಮ ಮನೆ ಮುಂದಿನ ಆ ಹೂವಿನ ಪಾತಿ ಒಂದು ಕಾಲಕ್ಕೆ ಅವರದೇ. ಮಾವ ತೀರಿಕೊಂಡ ಮೇಲೆ ಹೂ ಮುಡಿಯುವುದು ನಿಂತಿತು. ಪಾತಿಯ ಕಡೆ ತಿರುಗಿ ನೋಡುವುದನ್ನೂ ಅವರು ಬಿಟ್ಟರು. ನಾನು ಸೊಸೆಯಾಗಿ ಬರುವಷ್ಟರಲ್ಲಿ ಅಲ್ಲಿ ಮಂಡಿಯೆತ್ತರಕ್ಕೆ ಹುಲ್ಲು ಬೆಳೆದಿತ್ತು. ಅದನ್ನೆಲ್ಲ ಕಿತ್ತು ಹಸನು ಮಾಡುವಾಗ ಅತ್ತೆ ಏನೆನ್ನುತ್ತಾರೋ ಎಂಬ ಅಳುಕು ನನಗಿತ್ತು.

ಅಷ್ಟರಲ್ಲಿ ಪಕ್ಕದ ಮನೆಯಾಕೆ ಕಾಂಪೌಂಡಿನ ಮೇಲಿಂದ ಇಣುಕಿದರು. “ನಿಮಗ್ಯಾಕ್ರೀ ಈಗ ಹೂವಿನ ಗೊಡವೆ?”

ಅತ್ತೆ ತಲೆ ಎತ್ತಲಿಲ್ಲ. “ಮುಡೀಬಾರ್ದು ಅಂದ್ರಿ, ಬಿಟ್ಟೆ. ಬೆಳೆಸ್ಬಾರ್ದು ಅಂತ ಯಾರೂ ಹೇಳ್ಲಿಲ್ವಲ್ಲ?”

ಮೊದಲ ಹೂ ಅರಳಿದ ಸಂಜೆ ಅವರೇ ಬಿಡಿಸಿ, ಕಟ್ಟಿ, ನನಗೆ ಮುಡಿಸಿದರು. ಆಮೇಲೆ ದೀಪ ಹಚ್ಚುವ ಹೊತ್ತಾದರೂ ಕೈ ತೊಳೆಯದೆ, ಬೆರಳುಗಳನ್ನು ಮೂಗಿಗೆ ಹಿಡಿದುಕೊಂಡು ಜಗಲಿಯ ಮೇಲೆ ಕೂತೇ ಇದ್ದರು.